ಸಮಾಂತರ, ಲಂಬ: ಮಗು ಎಡವುವುದು ಎಲ್ಲಿ? ದೋಷ ನಿವಾರಣೆ ಕೈಪಿಡಿ

ಮೂರನೇ, ನಾಲ್ಕನೇ ತರಗತಿಯ ಮಗುವಿಗೆ ಏಣಿಯ ಚಿತ್ರ ತೋರಿಸಿ ಅದರ ಮೆಟ್ಟಿಲುಗಳು ಸಮಾಂತರವೇ ಎಂದು ಕೇಳಿದರೆ ಹೌದು ಎನ್ನುತ್ತದೆ. ಅಂಥದೇ ಎರಡು ಗೆರೆಗಳನ್ನು ಓರೆಯಾಗಿ, ಒಂದನ್ನು ಗಿಡ್ಡ ಮಾಡಿ ಎಳೆದುಕೊಡಿ: ಅಲ್ಲ ಎಂದು ತಲೆಯಾಡಿಸುತ್ತದೆ. ಇಂಥ ಕಡೆ ಪಾಠವನ್ನು ಮೊದಲಿಂದ ಮತ್ತೊಮ್ಮೆ ಹೇಳುವುದು ವಾಡಿಕೆ. ಎರಡನೇ ಸಲವೂ ಅದೇ ಚಿತ್ರ, ಅದೇ ಮಾತು, ಅದೇ ಫಲ. ದೋಷ ಮಗುವಿನ ಬುದ್ಧಿಯಲ್ಲಿ ಇರುವುದು ಅಪರೂಪ. ಒಂದೋ ಅದು ನಾವು ಆರಿಸಿದ ಚಿತ್ರಗಳಲ್ಲಿ ಇರುತ್ತದೆ, ಇಲ್ಲವೇ ನಾವು ಮಾತಿನಲ್ಲಿ ನುಂಗಿಬಿಟ್ಟ ಒಂದು 'ಗೆ'ಯಲ್ಲಿ. ಯಾವುದೆಂದು ತಿಳಿಯದೆ ಔಷಧ ಕೊಡಬಾರದು.

ಮೊದಲು ತಪಾಸಣೆ: ಎಂಟು ದುಂಡು ಕಾರ್ಡು

ಹಳೆಯ ಮದುವೆ ಆಮಂತ್ರಣದ ರಟ್ಟಿನಲ್ಲಿ ಕೈವಾರದಿಂದ 6 ಸೆಂ.ಮೀ. ತ್ರಿಜ್ಯದ ಎಂಟು ವೃತ್ತ ಎಳೆದು ಕತ್ತರಿಸಿ. ಕಾರ್ಡು ದುಂಡಗೇ ಇರಬೇಕು. ಚೌಕದ ಕಾರ್ಡಾದರೆ ಮಗು ಗೆರೆಯನ್ನು ಗೆರೆಗೆ ಹೋಲಿಸುವುದಿಲ್ಲ, ಕಾರ್ಡಿನ ಅಂಚಿಗೆ ಹೋಲಿಸುತ್ತದೆ. ಉತ್ತರ ಸರಿ ಬಂದರೂ ಕಾರಣ ತಪ್ಪಾಗಿರುತ್ತದೆ. ದುಂಡು ಕಾರ್ಡಿಗೆ ಮೇಲೆ ಕೆಳಗೆ ಎಂಬುದಿಲ್ಲ. ಗೆರೆಗಳನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಸ್ಕೇಲಿಟ್ಟು ಎಳೆಯಿರಿ. ಸಂಖ್ಯೆಯನ್ನು ಹಿಂಬದಿಗೆ ಬರೆಯಿರಿ. ಮುಂದೆ ಬರೆದರೆ ಅದೇ ದಿಕ್ಕು ಹೇಳಿಬಿಡುತ್ತದೆ.

1. ತಲಾ 6 ಸೆಂ.ಮೀ. ಉದ್ದದ ಎರಡು ಸಮಾಂತರ ಗೆರೆ, ನಡುವೆ 2 ಸೆಂ.ಮೀ.
2. ಒಂದು 6, ಇನ್ನೊಂದು 3 ಸೆಂ.ಮೀ. ಉದ್ದದ ಸಮಾಂತರ ಗೆರೆ, ನಡುವೆ 2 ಸೆಂ.ಮೀ. ಗಿಡ್ಡ ಗೆರೆ ಒಂದು ಬದಿಗೆ ಸರಿದಿರಲಿ.
3. ಸುಮಾರು 4 ಸೆಂ.ಮೀ.ನ ಎರಡು ಗೆರೆ, ಒಂದು ತುದಿಯಲ್ಲಿ ಅಂತರ 3, ಇನ್ನೊಂದು ತುದಿಯಲ್ಲಿ 2 ಸೆಂ.ಮೀ. ಒಂದನ್ನೊಂದು ಮುಟ್ಟುವುದಿಲ್ಲ, ಸಮಾಂತರವೂ ಅಲ್ಲ.
4. ಒಂದೇ ಕೇಂದ್ರದಿಂದ 3 ಮತ್ತು 5 ಸೆಂ.ಮೀ. ತ್ರಿಜ್ಯದಲ್ಲಿ ಎಳೆದ ಎರಡು ಕಮಾನು.
5. ಕೂಡಿಸುವ ಚಿಹ್ನೆಯಂತೆ ಲಂಬವಾಗಿ ಕತ್ತರಿಸುವ ಎರಡು ಗೆರೆ.
6. 60 ಡಿಗ್ರಿಯಲ್ಲಿ ಕತ್ತರಿಸುವ ಎರಡು ಗೆರೆ.
7. ಒಂದರ ನಡುವಿಗೆ ಇನ್ನೊಂದರ ತುದಿ ತಾಗಿ ನಿಂತ ಲಂಬ ಗೆರೆ, ದಾಟಿ ಹೋಗುವುದಿಲ್ಲ.
8. ಏಳರಂತೆಯೇ, ಆದರೆ 75 ಡಿಗ್ರಿಗೆ ವಾಲಿದ್ದು.

ಮೊದಲ ಸುತ್ತಿನಲ್ಲಿ ಗೆರೆಗಳು ಓರೆಯಾಗಿ ಕಾಣುವಂತೆ ಕಾರ್ಡನ್ನು ಕೈಗೆ ಕೊಡಿ, ಎರಡನೇ ಸುತ್ತಿನಲ್ಲಿ ಒಂದು ಗೆರೆ ಮಲಗಿರುವಂತೆ. ಎರಡು ಸುತ್ತಿನ ನಡುವೆ ಒಂದು ದಿನ ಬಿಡಿ. ಗೆರೆಗಳು ಒಂದಕ್ಕೊಂದು ಸಮಾಂತರವೇ, ಲಂಬವೇ, ಎರಡೂ ಅಲ್ಲವೇ ಎಂದು ಕೇಳಿ. ಪ್ರತಿ ಉತ್ತರಕ್ಕೂ "ಹೇಗೆ ಗೊತ್ತಾಯ್ತು?" ಎಂದು ಕೇಳಿ, ಸರಿ ಉತ್ತರಕ್ಕೂ ಕೇಳಬೇಕು, ಇಲ್ಲವಾದರೆ ಆ ಪ್ರಶ್ನೆ ಬಂತೆಂದರೆ ತಪ್ಪಾಯಿತೆಂದೇ ಲೆಕ್ಕ ಎಂದು ಮಗು ಎರಡೇ ನಿಮಿಷದಲ್ಲಿ ಕಲಿತುಬಿಡುತ್ತದೆ. ಹೇಳುವುದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ. ಮಗು ತಾನಾಗಿ ಕಾರ್ಡು ತಿರುಗಿಸಿ ನೋಡಿದರೆ ಅದನ್ನೂ ಗುರುತು ಹಾಕಿ. ಅದು ಒಳ್ಳೆಯ ಲಕ್ಷಣ.

ಒಂದಕ್ಕೆ ಹೌದು, ಎರಡಕ್ಕೆ ಅಲ್ಲ ಎಂದರೆ ಉದ್ದದ ದೋಷ. ಮೂರನ್ನು ಸಮಾಂತರ ಎಂದರೆ 'ಮುಟ್ಟಿಲ್ಲ' ಎಂಬ ದೋಷ. ಐದೂ ಆರೂ ಲಂಬವಾದರೆ, ಅಥವಾ ಏಳು ಲಂಬವಲ್ಲ ಎಂದರೆ, ಕತ್ತರಿಸುವುದಕ್ಕೂ ಲಂಬಕ್ಕೂ ಗಂಟು ಬಿದ್ದಿದೆ. ಕಾರ್ಡು ತಿರುಗಿದ ಕೂಡಲೇ ಉತ್ತರವೂ ತಿರುಗಿದರೆ, ದೋಷ ದಿಕ್ಕಿನದು. ನಮ್ಮ ಮಕ್ಕಳಲ್ಲಿ ಇದು ಬೇರೂರಿರುವುದಕ್ಕೆ ಭಾಷೆಯದೇ ಒಂದು ಕಾರಣವಿದೆ. ಅಲ್ಲಿಂದಲೇ ಶುರು ಮಾಡೋಣ.

ಲಂಬ ಎಂದರೆ ನೆಟ್ಟಗೆ ನಿಂತದ್ದೇ?

ಕನ್ನಡದಲ್ಲಿ 'ಲಂಬ' ಎರಡು ಕೆಲಸ ಮಾಡುತ್ತದೆ. ಗೋಡೆ ಲಂಬವಾಗಿದೆ ಎಂದರೆ ನೆಟ್ಟಗಿದೆ ಎಂದರ್ಥ. ಈ ಗೆರೆ ಆ ಗೆರೆಗೆ ಲಂಬ ಎಂದರೆ ಎರಡರ ನಡುವೆ 90 ಡಿಗ್ರಿ ಇದೆ ಎಂದರ್ಥ. ಮೊದಲನೆಯದು ಒಂದೇ ಗೆರೆಯ ಗುಣ, ಎರಡನೆಯದು ಎರಡು ಗೆರೆಗಳ ನಂಟು. ಹೀಗಾಗಿದ್ದು ಆಕಸ್ಮಿಕವಲ್ಲ: ಸಂಸ್ಕೃತದ ಲಂಬಕ್ಕೆ ನೇತಾಡುವುದು ಎಂದೇ ಅರ್ಥ. ಗಾರೆ ಕೆಲಸದ ತೂಗುಗುಂಡಿನ ದಾರ ಮಟ್ಟವಾದ ನೆಲಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲುತ್ತದಲ್ಲ, ಎರಡೂ ಅರ್ಥ ಕೂಡುವುದು ಅಲ್ಲಿ. (ಇಂಗ್ಲಿಷಿನ ಪರ್ಪೆಂಡಿಕ್ಯುಲರ್ ಹುಟ್ಟಿದ್ದೂ ತೂಗುಗುಂಡಿನ ಲ್ಯಾಟಿನ್ ಹೆಸರಿನಿಂದಲೇ.) ದೊಡ್ಡವರಿಗೆ ಇದು ತೊಡಕಲ್ಲ. ಮಗು ಮಾತ್ರ ಕರಿಹಲಗೆಯ ಮೇಲೆ ಒಂಟಿಯಾಗಿ ನಿಂತ ಗೆರೆಯನ್ನು ತೋರಿಸಿ "ಇದು ಲಂಬ ರೇಖೆ" ಎನ್ನುತ್ತದೆ, ಎಷ್ಟೋ ಸಲ ನಾವೂ ಅದನ್ನು ಸರಿ ಎಂದುಬಿಡುತ್ತೇವೆ.

ಪರೀಕ್ಷೆ ಸುಲಭ. ಹಲಗೆಯ ಮೇಲೆ ಒಂದೇ ಒಂದು ನಿಂತ ಗೆರೆ ಎಳೆದು, "ಇದು ಲಂಬವೇ?" ಎಂದು ಕೇಳಿ. "ಯಾವುದಕ್ಕೆ?" ಎಂದು ಮಗು ತಿರುಗಿ ಕೇಳಿದರೆ ದೋಷವಿಲ್ಲ. "ಹೌದು" ಎಂದರೆ ಇದೆ.

ದುರಸ್ತಿಗೆ ಬೇಕಾದ್ದು ಒಂದು ವಿಭಕ್ತಿ ಪ್ರತ್ಯಯ. ಲಂಬ, ಸಮಾಂತರ ಎರಡನ್ನೂ ಚತುರ್ಥಿ ವಿಭಕ್ತಿಯಿಲ್ಲದೆ ತರಗತಿಯಲ್ಲಿ ಆಡಬೇಡಿ: "ಕೆಂಪು ಗೆರೆ ನೀಲಿ ಗೆರೆಗೆ ಲಂಬ", "ಈ ಸರಳು ಆ ಸರಳಿಗೆ ಸಮಾಂತರ". ಮಗುವೂ ಹಾಗೇ ಪೂರ್ತಿ ವಾಕ್ಯದಲ್ಲಿ ಹೇಳಲಿ. ಒಂಟಿ ಗೆರೆಗೆ 'ನಿಂತ ಗೆರೆ', 'ಮಲಗಿದ ಗೆರೆ', 'ಓರೆ ಗೆರೆ' ಎನ್ನಿ. ಯಾರೋ ಒಬ್ಬನೇ ಇದ್ದಾಗ ಅವನನ್ನು ಅಣ್ಣ ಎನ್ನಲಾಗುವುದಿಲ್ಲ, ಯಾರಿಗೋ ಅಣ್ಣನಾಗಿರಬೇಕು ಎಂಬ ಹೋಲಿಕೆ ಏಳು ವರ್ಷದ ಮಕ್ಕಳಿಗೂ ಹತ್ತುತ್ತದೆ. ಎರಡು ವಾರ ಈ ಶಿಸ್ತು ಬಿಡದಿದ್ದರೆ ಸಾಕು. ಎಡವುವವರು ಹೆಚ್ಚಾಗಿ ನಾವೇ.

ಇದರ ಜೊತೆಗೆ ಕಣ್ಣಿಗೂ ಒಂದು ಪಾಠ ಬೇಕು. ಮಲೆನಾಡು, ಕರಾವಳಿಯಲ್ಲಿ ಹೆಂಚಿನ ಮಾಡು ಇರುವ ಕಡೆ ತಲೆ ಎತ್ತಿ ನೋಡಲು ಹೇಳಿ: ಪಕಾಸಿಗಳು (ಮಾಡಿನ ಉದ್ದ ಮರಗಳು) ಇಳಿಜಾರಾಗಿವೆ, ಅವುಗಳ ಮೇಲೆ ಅಡ್ಡಲಾಗಿ ಹೊಡೆದ ರೀಪು ಪಟ್ಟಿಗಳು ಪಕಾಸಿಗೆ ಲಂಬವಾಗಿವೆ, ಆದರೆ ಅಲ್ಲಿ ನೆಟ್ಟಗೆ ನಿಂತದ್ದು ಒಂದೂ ಇಲ್ಲ. ತಾರಸಿ ಮನೆಯ ಮಕ್ಕಳಿಗೆ ಚೌಕಾಬಾರದ ಮನೆ ಬರೆದ ಹಲಗೆಯನ್ನು ಓರೆಯಾಗಿ ತಿರುಗಿಸಿಟ್ಟರೂ ಸಾಕು.

ಇನ್ನೊಂದು ಒಳ್ಳೆಯ ಪರೀಕ್ಷೆ: ಗುಡ್ಡದ ಇಳಿಜಾರು ಬರೆದುಕೊಟ್ಟು ಅದರ ಮೇಲೆ ಮೂರು ತೆಂಗಿನ ಮರ ಬರೆಯಲು ಹೇಳಿ. ಚಿಕ್ಕ ಮಕ್ಕಳು ಮರಗಳನ್ನು ನೆಟ್ಟಗೆ ನಿಲ್ಲಿಸದೆ ಇಳಿಜಾರಿಗೆ ಲಂಬವಾಗಿ ಹೊರಕ್ಕೆ ವಾಲಿಸುತ್ತಾರೆ. ಮನಶ್ಶಾಸ್ತ್ರಜ್ಞರಾದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಮಕ್ಕಳ ಅವಕಾಶ (ಸ್ಪೇಸ್) ಕಲ್ಪನೆಯ ಬಗ್ಗೆ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಗದರಬೇಡಿ: ಈ ಮಗುವಿಗೆ ಲಂಬದ ನಂಟು ಚೆನ್ನಾಗಿಯೇ ಕಾಣುತ್ತಿದೆ, ಇನ್ನೂ ಹಿಡಿತಕ್ಕೆ ಸಿಗದಿರುವುದು 'ನೆಟ್ಟಗೆ' ಎಂಬುದು. ಲೋಟದಲ್ಲಿ ನೀರಿಟ್ಟು, ಪಕ್ಕದಲ್ಲಿ ಸ್ಲೇಟನ್ನು ಓರೆಯಾಗಿ ಒರಗಿಸಿ, 30 ಸೆಂ.ಮೀ. ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಡಿ. ದಾರ ನೀರಿನ ಮಟ್ಟಕ್ಕೆ ಲಂಬ, ಸ್ಲೇಟಿಗೆ ಅಲ್ಲ. ಲೋಟ ಓರೆ ಮಾಡಿದರೂ ಒಳಗಿನ ನೀರು ಮಟ್ಟವಾಗಿಯೇ ಇರುತ್ತದೆ, ದಾರವೂ ಕದಲುವುದಿಲ್ಲ.

ಅಳೆಯುವ ಮೂಲೆ: ಕಾಗದದ ಮಡಿಕೆ

ಕತ್ತರಿಸಿದ್ದೆಲ್ಲ ಲಂಬ ಎನ್ನುವ ಮಗುವಿಗೆ ಕೋನಮಾಪಕ ಕೊಡುವುದು ಅವಸರವಾಗುತ್ತದೆ. ಅದರ ಎರಡು ಸಾಲು ಅಂಕಿಗಳೇ ಹೊಸ ಗೋಜಲು. ತನ್ನ ಕೈಯಾರೆ ಮಾಡಿದ ಮೂಲೆ ಸಾಕು.

ಎ4 ಹಾಳೆಯ ಕಾಲು ಭಾಗ ತೆಗೆದುಕೊಂಡು ಸುತ್ತಲಿನ ಅಂಚನ್ನು ಕೈಯಿಂದ ಹರಿದು ಸೊಟ್ಟ ಮಾಡಿ. ಇದು ಚೇಷ್ಟೆಯಲ್ಲ. ನೆಟ್ಟನೆಯ ಅಂಚು ಉಳಿದರೆ ಮೂಲೆ ಅಂಗಡಿಯಿಂದಲೇ ಬಂತು ಎಂದು ಮಗು ತಿಳಿಯುತ್ತದೆ. ಈಗ ಎಲ್ಲಾದರೂ ಒಮ್ಮೆ ಮಡಚಿ ಉಗುರಿನಿಂದ ತೀಡಿ: ಸರಳರೇಖೆ ಸಿಕ್ಕಿತು. ಆ ಮಡಿಕೆಯ ಅಂಚು ತನ್ನ ಮೇಲೆ ತಾನೇ ಕೂರುವಂತೆ ಎರಡನೇ ಸಲ ಮಡಚಿ. ಸಿಕ್ಕಿದ ಮೂಲೆ ಲಂಬಕೋನ. ಬಿಚ್ಚಿ ನೋಡಿದರೆ ನಾಲ್ಕು ಮೂಲೆ, ನಾಲ್ಕೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಅಕ್ಕಪಕ್ಕದ ಕೋನಗಳು ಸಮವಾದರೆ ಅದೇ ಲಂಬಕೋನ ಎಂದು ಯೂಕ್ಲಿಡ್ ಕೊಟ್ಟ ವ್ಯಾಖ್ಯೆ ಇಲ್ಲಿ ಅಂಗೈಯಲ್ಲಿ ಸಿಗುತ್ತದೆ. 90 ಎಂಬ ಅಂಕಿಯ ಹಂಗಿಲ್ಲ.

ಮಡಿಕೆ ಕೆಡುವುದು ಸಾಮಾನ್ಯವಾಗಿ ಎರಡನೇ ಹಂತದಲ್ಲಿ. ಮಕ್ಕಳು ಹರಿದ ಅಂಚನ್ನು ಹರಿದ ಅಂಚಿಗೆ ಹೊಂದಿಸಲು ನೋಡುತ್ತಾರೆ. ಮೊದಲ ಮಡಿಕೆಯ ಮೇಲೆ ಪೆನ್ಸಿಲಿನಿಂದ ದಪ್ಪನೆ ಬಣ್ಣ ಹಚ್ಚಿಸಿ, "ಬಣ್ಣದ ಮೇಲೆ ಬಣ್ಣ" ಎಂದು ಹೇಳಿದರೆ ಸರಿಹೋಗುತ್ತದೆ. ಚಾರ್ಟ್ ಕಾಗದ ಬೇಡ. ನಾಲ್ಕು ಪದರ ಸೇರಿದಾಗ ಮೂಲೆ ಮೊಂಡಾಗುತ್ತದೆ.

ಈ ಮೂಲೆಯನ್ನು 5ರಿಂದ 8ರ ಕಾರ್ಡುಗಳ ಮೇಲೆ ಇಡಿಸಿ. ಒಂದು ಅಂಚು ಗೆರೆಗೆ ಕೂತಾಗ ಇನ್ನೊಂದೂ ಗೆರೆಗೆ ಕೂತರೆ ಲಂಬ. ಏಳನೇ ಕಾರ್ಡಿನಲ್ಲಿ ಗೆರೆ ದಾಟದಿದ್ದರೂ ಮೂಲೆ ಕೂರುತ್ತದೆ, ಆರರಲ್ಲಿ ದಾಟಿದರೂ ಕೂರುವುದಿಲ್ಲ. ಈ ಎರಡನ್ನು ಅಕ್ಕಪಕ್ಕ ಇಟ್ಟಷ್ಟು ಬೇಗ ಈ ಗಂಟು ಬೇರಾವುದರಿಂದಲೂ ಬಿಚ್ಚುವುದಿಲ್ಲ.

ರಂಗೋಲಿ ಚುಕ್ಕಿಗಳಿಂದ ಕಲಿಸುವವರು ಒಂದು ಎಚ್ಚರ ವಹಿಸಬೇಕು. ನೇರ ಚುಕ್ಕಿಯಲ್ಲಿ ಅಡ್ಡಸಾಲಿಗೆ ಕಂಬಸಾಲು ಲಂಬ. 7ರಿಂದ 4ರವರೆಗೆ ಇಳಿಯುವ ಸಂದು ಚುಕ್ಕಿಯಲ್ಲಿ, ಅಂದರೆ ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಾಗ, ಪಕ್ಕದ ಚುಕ್ಕಿಗೆ ಎಳೆದ ಗೆರೆ ಸುಮಾರು 60 ಡಿಗ್ರಿಗೆ ವಾಲುತ್ತದೆ. ಮೂರು ದಿಕ್ಕಿನ ಸಮಾಂತರ ಗೆರೆ ತೋರಿಸಲು ಇದಕ್ಕಿಂತ ಚೆಲುವಾದ ಹಾಸು ಇಲ್ಲ, ಆದರೆ ಲಂಬ ಕಲಿಸುವ ವಾರ ಇದು ಬೇಡ.

ಉದ್ದ ಬೇರೆಯಾದರೆ ಸಮಾಂತರ ಅಲ್ಲವಂತೆ

ಹಳಿ, ಏಣಿಯ ಮೆಟ್ಟಿಲು, ಕಿಟಕಿಯ ಸರಳು, ಕೊನೆಗೆ ಸಮ ಚಿಹ್ನೆ: ಮಗು ಕಂಡ ಸಮಾಂತರಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದದವು, ಎದುರುಬದುರು ನಿಂತವು. ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮ ಚಿಹ್ನೆಗೆ ಆರಿಸಿದ್ದೇ ಒಂದೇ ಉದ್ದದ ಎರಡು ಸಮಾಂತರ ಗೆರೆ. ಮಗುವಿನ ತೀರ್ಮಾನದಲ್ಲಿ ತರ್ಕವಿದೆ. ಮಾದರಿಗಳೇ ಒಂದು ಪಕ್ಷಕ್ಕೆ ವಾಲಿವೆ.

ಉರಿದ ಊದುಬತ್ತಿಯ ಕಡ್ಡಿಗಳನ್ನು 12, 8, 5 ಸೆಂ.ಮೀ.ಗೆ ಕತ್ತರಿಸಿಕೊಳ್ಳಿ. ತೆಂಗಿನ ಪೊರಕೆ ಕಡ್ಡಿ ಬೇಡ, ಒಂದು ತುದಿ ಸಣ್ಣಗಾಗಿ ಬಾಗಿರುತ್ತದೆ. ಎರಡು 12 ಸೆಂ.ಮೀ. ಕಡ್ಡಿಗಳನ್ನು ಸಮಾಂತರವಾಗಿಡಿ. ಒಂದನ್ನು ಅದರ ದಾರಿಯಲ್ಲೇ ಮುಂದಕ್ಕೆ ಜಾರಿಸಿ: ಈಗಲೂ ಸಮಾಂತರವೇ? ಅದನ್ನು ತೆಗೆದು ಅಲ್ಲೇ 5 ಸೆಂ.ಮೀ. ಕಡ್ಡಿ ಇಡಿ: ಈಗ? ಒಂದನ್ನು ತುಸು ತಿರುಗಿಸಿ: ಈಗ? ಪ್ರತಿ ಸಲ ಒಂದೇ ಬದಲಾವಣೆ ಮಾಡಬೇಕು. ಜಾರಿಸುವುದನ್ನೂ ತಿರುಗಿಸುವುದನ್ನೂ ಒಟ್ಟಿಗೆ ಮಾಡಿದರೆ ಸಮಾಂತರ ಕೆಡಿಸಿದ್ದು ಯಾವುದೆಂದು ಮಗುವಿಗೆ ತಿಳಿಯುವುದಿಲ್ಲ.

ಮುಟ್ಟಿಲ್ಲವಾದರೆ ಸಮಾಂತರವಂತೆ

ಮೂರನೇ ಕಾರ್ಡಿನ ದೋಷ. "ಎಂದೂ ಸೇರದ ಗೆರೆಗಳು" ಎಂಬ ವ್ಯಾಖ್ಯೆಯನ್ನು ಮಗು "ಈಗ ಸೇರಿಲ್ಲದ ಗೆರೆಗಳು" ಎಂದು ಕೇಳಿಸಿಕೊಂಡಿರುತ್ತದೆ. ಕಾರ್ಡನ್ನು ದೊಡ್ಡ ಹಾಳೆಗೆ ಅಂಟಿಸಿ ಸ್ಕೇಲಿನಿಂದ ಗೆರೆಗಳನ್ನು ಬೆಳೆಸಲು ಹೇಳಿ. 4 ಸೆಂ.ಮೀ.ಗೆ ಅಂತರ 1 ಸೆಂ.ಮೀ. ತಗ್ಗುತ್ತಿದೆ, ಉಳಿದಿರುವುದು 2. ಹಾಗಾಗಿ ಇನ್ನು ಸುಮಾರು 8 ಸೆಂ.ಮೀ. ಬೆಳೆಸುವಷ್ಟರಲ್ಲಿ ಸೇರುತ್ತವೆ. ಎಲ್ಲಿ ಸೇರಬಹುದೆಂದು ಮೊದಲೇ ಚುಕ್ಕಿ ಇಡಿಸಿದರೆ ಮಕ್ಕಳಿಗೆ ಇದು ಆಟ.

ಸಂಶಯವಿದ್ದಾಗ ಬೆಳೆಸುವುದಕ್ಕಿಂತ ಅಳೆಯುವುದು ಮೇಲು. ಸಮ, ಅಂತರ: ಕನ್ನಡದ ಹೆಸರೇ ವಿಧಾನ ಹೇಳುತ್ತಿದೆ. ಆದರೆ ಅಂತರವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಸ್ಕೇಲನ್ನು ಓರೆಯಾಗಿ ಇಟ್ಟರೆ ಸಮಾಂತರ ಗೆರೆಗಳ ನಡುವೆಯೂ ಒಂದು ಕಡೆ 2, ಇನ್ನೊಂದು ಕಡೆ ಎರಡೂವರೆ ಬರುತ್ತದೆ. ಮಡಿಕೆಯ ಮೂಲೆಯನ್ನು ಒಂದು ಗೆರೆಗೆ ಕೂರಿಸಿ, ಅದರ ಇನ್ನೊಂದು ಅಂಚಿನ ಗುಂಟ ಅಳೆಯಬೇಕು. ಲಂಬವನ್ನು ಮೊದಲು ಕಲಿಸಿ, ಸಮಾಂತರವನ್ನು ಆಮೇಲೆ ಎತ್ತಿಕೊಳ್ಳಿ ಎನ್ನುವುದು ಇದಕ್ಕಾಗಿಯೇ. ಪಾಠದ ಕ್ರಮ ತಿರುವುಮುರುವು ಇದ್ದರೂ ಪರವಾಗಿಲ್ಲ, ಒಂದು ವಾರ ಅದಲುಬದಲು ಮಾಡಿ.

ಅಳೆಯುವ ಎರಡು ಜಾಗಗಳ ನಡುವೆ ಸಾಧ್ಯವಾದರೆ 10 ಸೆಂ.ಮೀ. ದೂರವಿರಲಿ. ಅಷ್ಟು ದೂರದಲ್ಲಿ 1 ಡಿಗ್ರಿ ವಾಲಿದರೆ ಅಂತರ 1.7 ಮಿ.ಮೀ. ಬದಲಾಗುತ್ತದೆ, 5 ಡಿಗ್ರಿ ವಾಲಿದರೆ ಸುಮಾರು 9 ಮಿ.ಮೀ. ಹಾಗಾಗಿ ಮಗು ಎಳೆದ ಗೆರೆಯಲ್ಲಿ 2 ಮಿ.ಮೀ. ವರೆಗಿನ ವ್ಯತ್ಯಾಸ ಕೈದೋಷ, ಅದಕ್ಕೆ ಕೆಂಪು ಶಾಯಿ ಬೇಡ. ಅರ್ಧ ಸೆಂ.ಮೀ. ದಾಟಿದರೆ ತಿಳಿವಳಿಕೆಯನ್ನೇ ಮತ್ತೊಮ್ಮೆ ನೋಡಬೇಕು.

ಹಿಂದಿನ ಮಡಿಕೆಯ ಕಾಗದ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಪೂರ್ತಿ ಬಿಚ್ಚಿ, ಎರಡನೇ ಮಡಿಕೆ ತನ್ನ ಮೇಲೆ ತಾನೇ ಕೂರುವಂತೆ ಬೇರೊಂದು ಜಾಗದಲ್ಲಿ ಮಡಚಿದರೆ ಮೂರನೇ ಮಡಿಕೆ ಮೊದಲನೆಯದಕ್ಕೆ ಸಮಾಂತರ. ಮಗ್ಗದ ಹಾಸುಹೊಕ್ಕಿನ ಲೆಕ್ಕವೂ ಇದೇ: ಎಲ್ಲ ಹೊಕ್ಕು ಎಳೆಗಳೂ ಒಂದೇ ಹಾಸು ಎಳೆಗೆ ಲಂಬ, ಆದ್ದರಿಂದ ತಮ್ಮತಮ್ಮೊಳಗೆ ಸಮಾಂತರ.

ಬಾಗಿದ ಹಳಿ, ಜೋತ ತಂತಿ, ದೂರದಲ್ಲಿ ಕೂಡುವ ಹಳಿ

ನಾಲ್ಕನೇ ಕಾರ್ಡನ್ನು ಸಮಾಂತರ ಎನ್ನುವ ಮಗುವಿಗೆ ಅಂತರದ ಅರ್ಥ ಆಗಿದೆ. "ಅಂತರ ಸಮವಾಗಿದೆ ನಿಜ, ಆದರೆ ಈ ಹೆಸರು ಸದ್ಯಕ್ಕೆ ನೆಟ್ಟನೆಯ ಗೆರೆಗಳಿಗೆ ಮಾತ್ರ" ಎಂದಷ್ಟೇ ಹೇಳಿ ಮುಂದೆ ಹೋಗಿ. ಬದುವಿನ ಗುಂಟ ಬಳುಕಿ ಹೋದ ಕೂರಿಗೆ ಸಾಲು, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕರೆಂಟು ತಂತಿ, ಎರಡೂ ಇದೇ ಜಾತಿ.

ರೈಲು ಹಳಿಯ ಫೋಟೋ ಮಾತ್ರ ಮೊದಲ ಪಾಠಕ್ಕೆ ಬೇಡ. ಫೋಟೋದಲ್ಲಿ ಹಳಿಗಳು ದೂರದಲ್ಲಿ ಕೂಡುತ್ತವೆ. ಕಣ್ಣು ಕಂಡದ್ದನ್ನು ಹೇಳಿದ ಮಗುವಿಗೆ ನಾವು ತಪ್ಪು ಎನ್ನುತ್ತೇವೆ. ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ. ಅಷ್ಟು ಉದ್ದದ ದಾರವನ್ನು ನೆಲದ ಮೇಲೆ ಹಾಸಿ, ಚಾಕ್‌ಪೀಸಿನಿಂದ ಎರಡು ಹಳಿ ಬರೆದು, ಮಕ್ಕಳು ನಡುವೆ ನಡೆದ ಮೇಲೆ ಫೋಟೋ ತೋರಿಸಿ. ಬಿದಿರಿನ ಏಣಿ ತೋರಿಸುವಾಗಲೂ ಅಳೆದು ನೋಡಿ. ಎಷ್ಟೋ ಏಣಿಗಳು ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಅಲ್ಲಿ ಮೆಟ್ಟಿಲುಗಳು ಸಮಾಂತರ, ಎರಡು ಕಾಲುಗಳು ಅಲ್ಲ.

ತಿಳಿದಿದೆ, ಆದರೆ ಗೆರೆ ಸೊಟ್ಟ

ಕಾರ್ಡುಗಳಲ್ಲಿ ಎಲ್ಲ ಸರಿ ಹೇಳಿ ಪುಸ್ತಕದಲ್ಲಿ ಸೊಟ್ಟ ಎಳೆಯುವ ಮಗುವಿನ ಜಾಮಿಟ್ರಿ ಬಾಕ್ಸ್ ತೆರೆಸಿ. ಮೂಲೆಮಟ್ಟವನ್ನು (ಸೆಟ್‌ಸ್ಕ್ವೇರ್) ಪರೀಕ್ಷಿಸುವುದು ಹೀಗೆ: ಒಂದು ಗೆರೆಗೆ ಸ್ಕೇಲನ್ನು ಒತ್ತಿ ಹಿಡಿದು, ಮೂಲೆಮಟ್ಟ ಕೂರಿಸಿ 10 ಸೆಂ.ಮೀ. ಲಂಬ ಎಳೆಯಿರಿ. ಮೂಲೆಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದಾದರೆ ಸರಿ. ತುದಿಯಲ್ಲಿ 3 ಮಿ.ಮೀ. ಬಿರುಕು ಕಂಡರೆ ದೋಷ ಅದರ ಅರ್ಧ, ಹೆಚ್ಚುಕಡಿಮೆ 1 ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಬದಲಿಸಿ. ಮೂಲೆ ತುದಿ ಮುರಿದಿದ್ದರೆ ಚಿಂತೆಯಿಲ್ಲ, ಅಂಚು ನೆಟ್ಟಗಿದ್ದರೆ ಸಾಕು.

ಸಮಾಂತರ ಎಳೆಯುವಾಗ ಜಾರಬೇಕಾದ್ದು ಮೂಲೆಮಟ್ಟ, ಜಾರಬಾರದ್ದು ಸ್ಕೇಲು. ಚಿಕ್ಕ ಕೈಗಳು ಎರಡನ್ನೂ ಒಟ್ಟಿಗೆ ತಳ್ಳುತ್ತವೆ. ಸ್ಕೇಲಿನ ಎರಡು ತುದಿಗೆ ಬೆರಳು ಅಗಲಿಸಿ ಒತ್ತಲು ಹೇಳಿ; ಆಗದಿದ್ದರೆ ಪಕ್ಕದ ಮಗು ಸ್ಕೇಲು ಹಿಡಿಯಲಿ. ಎಡಗೈ ಮಕ್ಕಳಿಗೆ ಜೋಡಣೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಡಬೇಕು. ಏಳು ವರ್ಷದೊಳಗಿನವರಿಗೆ ಈ ಸರ್ಕಸ್ಸೇ ಬೇಡ: ಸ್ಕೇಲಿನ ಎರಡೂ ಅಂಚಿಗೆ ಗೆರೆ ಎಳೆದರೆ ಸಮಾಂತರ ಸಿಕ್ಕಿತು.

ಚೌಕದ ಗೆರೆಯ ಲೆಕ್ಕದ ಪುಸ್ತಕದಲ್ಲಿ ಓರೆ ಗೆರೆಗೆ ಲಂಬ ಎಳೆಯಲು ಉಪಕರಣವೇ ಬೇಕಿಲ್ಲ. ಒಂದು ಬಿಂದುವಿನಿಂದ ಬಲಕ್ಕೆ 3 ಮನೆ, ಮೇಲಕ್ಕೆ 1 ಮನೆ ಹೋಗಿ ಗೆರೆ ಎಳೆಯಿರಿ. ಅದೇ ಬಿಂದುವಿನಿಂದ ಎಡಕ್ಕೆ 1, ಮೇಲಕ್ಕೆ 3 ಹೋದರೆ ಲಂಬ. ಬೇರೆ ಬಿಂದುವಿನಿಂದ ಮತ್ತೆ ಬಲಕ್ಕೆ 3, ಮೇಲಕ್ಕೆ 1 ಹೋದರೆ ಸಮಾಂತರ. ಮಕ್ಕಳು ತಪ್ಪುವುದು ಮನೆ ಎಣಿಸುವ ಬದಲು ಗೆರೆ ಎಣಿಸಿ. ಹೊರಟ ಗೆರೆಯನ್ನೇ ಒಂದು ಎಂದುಬಿಡುತ್ತಾರೆ.

ಮುಟ್ಟುವುದೂ ಇಲ್ಲ, ಸಮಾಂತರವೂ ಅಲ್ಲ: ಆಗ?

ಚುರುಕಾದ ಮಗುವೊಂದು ಬಾಗಿಲ ಚೌಕಟ್ಟಿನ ನಿಂತ ಮರವನ್ನೂ ಎದುರು ಗೋಡೆಯ ಸೂರಿನ ಅಂಚನ್ನೂ ತೋರಿಸಿ, ಎಷ್ಟು ಬೆಳೆಸಿದರೂ ಇವು ಸೇರುವುದಿಲ್ಲ, ಹಾಗಾದರೆ ಸಮಾಂತರವೇ ಎಂದು ಕೇಳಬಹುದು. ಇದು ದೋಷವಲ್ಲ. ವ್ಯಾಖ್ಯೆಯಲ್ಲಿ ನಾವು ಬಿಟ್ಟ 'ಒಂದೇ ಸಮತಲದಲ್ಲಿ' ಎಂಬ ಮಾತನ್ನು ಮಗು ಹುಡುಕಿ ಕೊಟ್ಟಿದೆ. ಬೆಂಕಿಪೊಟ್ಟಣ ಕೈಗೆ ಕೊಡಿ. ಅದರ 12 ಅಂಚುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿದರೆ, ಅದಕ್ಕೆ 3 ಸಮಾಂತರ, ಅದನ್ನು ಮುಟ್ಟಿ ಲಂಬವಾಗಿರುವವು 4, ಉಳಿದ 4 ಮುಟ್ಟುವುದೂ ಇಲ್ಲ, ಸಮಾಂತರವೂ ಅಲ್ಲ. ಒಂದೇ ಮುಖದ ಸಮಾಂತರ ಜೋಡಿಯ ಮೇಲೆ ಒಂದು ರಟ್ಟನ್ನು ಒಟ್ಟಿಗೆ ಚಪ್ಪಟೆಯಾಗಿ ಒರಗಿಸಬಹುದು, ಕೊನೆಯ ನಾಲ್ಕರ ಜೊತೆ ಆಗುವುದಿಲ್ಲ. ಒಂಬತ್ತು ವರ್ಷದೊಳಗೆ ಇದನ್ನು ಪಾಠವಾಗಿ ಮಾಡಬೇಡಿ, ಕೇಳಿದವರಿಗೆ ಮಾತ್ರ ಕೊಡಿ.

ಮರುತಪಾಸಣೆ

ಒಂದು ವಾರ ಬಿಟ್ಟು ಅದೇ ಎಂಟು ಕಾರ್ಡುಗಳನ್ನು ಕಲಸಿ ಕೊಡಿ. ಈ ಸಲ ಮಡಿಕೆಯ ಮೂಲೆ, ಸ್ಕೇಲು ಎರಡೂ ಪಕ್ಕದಲ್ಲಿರಲಿ, ಬಳಸು ಎಂದು ಹೇಳಬೇಡಿ. ಎಂಟನೇ ಕಾರ್ಡಿಗೆ ಮಗು ತಾನಾಗಿ ಮೂಲೆ ಹಿಡಿದರೆ, ಮೂರನೆಯದಕ್ಕೆ ಎರಡು ಕಡೆ ಅಳೆದರೆ ಕೆಲಸ ಆಯಿತು. ಉತ್ತರ ಸರಿಯಿದ್ದು ಕಣ್ಣಳತೆಯಲ್ಲೇ ಹೇಳಿದ್ದರೆ 75 ಡಿಗ್ರಿಯ ಬದಲು 83 ಡಿಗ್ರಿಯ ಇನ್ನೊಂದು ಕಾರ್ಡು ಮಾಡಿ ಕೊಡಿ. ಆಮೇಲೆ ಖಾಲಿ ದುಂಡು ಕಾರ್ಡು, ಸ್ಕೆಚ್ ಪೆನ್ನು ಕೊಟ್ಟು, ನಿಮ್ಮನ್ನೇ ಬೇಸ್ತು ಬೀಳಿಸುವಂಥ ಒಂಬತ್ತನೇ ಕಾರ್ಡನ್ನು ಬರೆಯಲು ಹೇಳಿ.